ಹನ್ನೆರಡು ತುಂಬಿದಾಗ

ಕನ್ನಡದಲ್ಲಿ ಮಾತಿಗೆ ಬಡತನವಿಲ್ಲ. ಹುಡುಗಿಯೊಬ್ಬಳು ಹೆಣ್ಣಾಗುವ ಆ ಒಂದು ಸಂಗತಿಗೇ ನಮ್ಮವರು ಎಷ್ಟು ಮಾತುಗಳನ್ನು ಇಟ್ಟುಕೊಂಡಿದ್ದಾರೆ ನೋಡಿ: ದೊಡ್ಡವಳಾದಳು, ಮೈನೆರೆದಳು, ಋತುಮತಿಯಾದಳು. ‘ನೆರೆ’ ಎಂದರೆ ತುಂಬುವುದು, ಪೂರ್ಣವಾಗುವುದು. ಮಳೆಗಾಲದಲ್ಲಿ ಹೊಳೆಗೆ ಬರುವುದೂ ನೆರೆಯೇ. ಮೈಯೊಂದು ಹೊಳೆಯಂತೆ ತುಂಬಿಬರುವುದನ್ನು ಒಂದೇ ಪದದಲ್ಲಿ ಹಿಡಿದಿಟ್ಟವರು ಯಾರೋ, ಅವರಿಗೆ ಯಾವ ಪರಿಷತ್ತೂ ಶಾಲು ಹೊದಿಸಲಿಲ್ಲ. ಆ ಸಂದರ್ಭದಲ್ಲಿ ಮಾಡುವ ಶುಭಕಾರ್ಯಕ್ಕೆ ನಮ್ಮ ಹಳ್ಳಿಗಳಲ್ಲಿ ‘ಒಸಗೆ’ ಎನ್ನುತ್ತಾರೆ. ಹಳಗನ್ನಡದಲ್ಲಿ ಆ ಮಾತಿಗೆ ಸಂತೋಷ, ಹಬ್ಬ, ಶುಭಸಮಾಚಾರ ಎಂಬ ಅರ್ಥಗಳುಂಟು.

ಹುಡುಗನ ಪಾಲಿಗೆ ಭಾಷೆ ಇಷ್ಟು ಉದಾರವಾಗಿಲ್ಲ. ಮೀಸೆ ಮೂಡಿತು, ಗಂಟಲೊಡೆಯಿತು – ಮುಗಿಯಿತು. ಒಂದು ಆರತಿಯಿಲ್ಲ, ಒಂದು ಹಾಡಿಲ್ಲ. ಮಡಕೆ ಒಡೆದ ಹಾಗೆ ಗಂಟಲೊಡೆದುಹೋಗುತ್ತದೆ. ಚೂರುಗಳನ್ನು ಅವನೇ ಆಯ್ದುಕೊಳ್ಳಬೇಕು.

ಇಷ್ಟು ಮಾತುಗಳಿದ್ದೂ ಒಂದು ವಿಚಿತ್ರವುಂಟು. ಯಾರ ಮೈಯಲ್ಲಿ ಈ ಕೆಲಸ ನಡೆಯುತ್ತಿದೆಯೋ ಅವರ ಮುಂದೆ ಈ ಮಾತುಗಳನ್ನು ಆಡುವವರಿಲ್ಲ. ದೊಡ್ಡವರು ದೊಡ್ಡವರ ಕಿವಿಯಲ್ಲಿ ಪಿಸುಗುಟ್ಟುತ್ತಾರೆ. ಮಗು ಬಾಗಿಲ ಸಂದಿಯಲ್ಲಿ ನಿಂತು ಅರ್ಧ ಕೇಳಿಸಿಕೊಳ್ಳುತ್ತದೆ, ಮಿಕ್ಕರ್ಧವನ್ನು ಊಹಿಸಿಕೊಂಡು ಹೆದರುತ್ತದೆ. ಈ ಮೌನ ಯಾವುದೊಂದು ಮತದ ಸೊತ್ತೂ ಅಲ್ಲ. ಬೇರೆಲ್ಲ ವಿಷಯಗಳಲ್ಲಿ ಭಿನ್ನಾಭಿಪ್ರಾಯವಿರುವ ಮತಗಳು ಇದೊಂದರಲ್ಲಿ ಅನ್ಯೋನ್ಯವಾಗಿವೆ. ನಾನು ಕ್ರೈಸ್ತ ಮನೆತನದಲ್ಲಿ ಹುಟ್ಟಿ, ಕನ್ನಡ ಪಾಠ ಹೇಳಿ ಜೀವನ ಮಾಡುವವಳು. ಆದ್ದರಿಂದ ನಮ್ಮ ಮನೆಯ ಮೌನದ ವಿಷಯವನ್ನೇ ಹೇಳುತ್ತೇನೆ. ನೆರೆಮನೆಯ ಮೌನವನ್ನು ಟೀಕಿಸುವುದು ಸಭ್ಯತೆಯಲ್ಲ.

ನಾನು ದೊಡ್ಡವಳಾದದ್ದು 1990ರ ದಶಕದ ಮೊದಲಲ್ಲಿ, ತುಮಕೂರು ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ. ಅಜ್ಜಿ ನನ್ನನ್ನು ಕರೆದು, “ನಾವು ಕ್ರೈಸ್ತರು ಕಣೆ, ನಮ್ಮಲ್ಲಿ ಹೊರಗೆ ಕೂರುವುದು ಗೀರುವುದು ಒಂದೂ ಇಲ್ಲ. ನೀನು ಎಂದಿನ ಹಾಗೆ ಓಡಾಡಿಕೊಂಡಿರು” ಎಂದು ಬಹಳ ಹೆಮ್ಮೆಯಿಂದ ಹೇಳಿದಳು. ಎರಡು ಹೆಜ್ಜೆ ಹೋದ ಮೇಲೆ ತಿರುಗಿ, “ಉಪ್ಪಿನಕಾಯಿ ಭರಣಿ ಮಾತ್ರ ಮುಟ್ಟಬೇಡ” ಎಂದಳು. ಕ್ರೈಸ್ತಮತವನ್ನು ಸ್ವೀಕರಿಸಿದವರು ನಮ್ಮ ಮುತ್ತಾತ. ಮೂರು ತಲೆಮಾರು ಕಳೆದಿದ್ದರೂ ಉಪ್ಪಿನಕಾಯಿ ಭರಣಿ ಇನ್ನೂ ಮತಾಂತರಗೊಂಡಿರಲಿಲ್ಲ.

ಪಕ್ಕದ ಮನೆಯ ನನ್ನ ಗೆಳತಿಗೂ ಆ ವರ್ಷವೇ ಆಯಿತು. ಅವಳನ್ನು ಕೆಲವು ದಿನ ಮೂಲೆಯಲ್ಲಿ ಚಾಪೆ ಹಾಕಿ ಕೂರಿಸಿದರು. ತಟ್ಟೆ ಲೋಟ ಬೇರೆ. ಆಮೇಲೆ ಹಸೆಮಣೆ, ಆರತಿ, ಸೋದರಮಾವ ತಂದ ಸೀರೆ, ಹೆಂಗಸರ ಹಾಡು, ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ, ತುಪ್ಪ. ಬೀದಿಗೆ ಬೀದಿಯೇ ಅವಳ ಮುಖ ನೋಡಿ ನಕ್ಕು ಹೋಯಿತು. ಅವಳಿಗೆ ಮೂಲೆಯೂ ಸಿಕ್ಕಿತು, ಹಬ್ಬವೂ ಸಿಕ್ಕಿತು. ನನಗೆ ಮೂಲೆಯಿರಲಿಲ್ಲ, ಹಬ್ಬವೂ ಇರಲಿಲ್ಲ. ಮೂಲೆಯನ್ನು ಬಿಡಿಸಿದವರು ಹಬ್ಬವನ್ನೂ ಏಕೆ ಕಿತ್ತುಕೊಂಡರು ಎಂದು ಆಗ ಕೇಳಲು ತಿಳಿಯಲಿಲ್ಲ. ಅವಳು ಒಂದು ಚಿಗಳಿಯನ್ನು ಕಿಟಕಿಯಿಂದ ನನಗೆ ಕೊಟ್ಟಳು. ನನ್ನ ಪಾಲಿನ ಒಸಗೆ ಅಷ್ಟೇ.

ನನ್ನ ತಮ್ಮನದು ಇನ್ನೊಂದು ಕಥೆ. ನಮ್ಮ ದೇವಾಲಯದ ಹಾಡುಗಾರರ ಗುಂಪಿನಲ್ಲಿ ಅವನ ಕಂಠಕ್ಕೆ ದೊಡ್ಡ ಹೆಸರು. ಒಂದು ಕ್ರಿಸ್ಮಸ್ ರಾತ್ರಿ ಒಬ್ಬನೇ ಹಾಡಬೇಕಾದ ಸಾಲಿನಲ್ಲಿ ಸ್ವರ ಮೇಲೇರಿ, ಅಲ್ಲೇ ತತ್ತರಿಸಿ, ಗೊಗ್ಗರು ದನಿಯಾಗಿ ಕೆಳಗೆ ಬಿದ್ದಿತು. ಹಿಂದಿನ ಬೆಂಚಿನವರು ನಕ್ಕರು. ಮುಂದಿನ ಬೆಂಚಿನವರೂ ಕರವಸ್ತ್ರ ಅಡ್ಡ ಹಿಡಿದರು. ಅವನಿಗಾದದ್ದು ಇಷ್ಟೇ: ಧ್ವನಿಪೆಟ್ಟಿಗೆ ಬೆಳೆದಿತ್ತು, ಅದರೊಳಗಿನ ತಂತುಗಳು ಉದ್ದವಾಗಿ ದಪ್ಪವಾಗಿದ್ದವು. ವೀಣೆಗೆ ಹೊಸ ತಂತಿ ಹಾಕಿದಾಗ ಶ್ರುತಿ ಕೂರಲು ಹೊತ್ತು ಹಿಡಿಯುವುದಿಲ್ಲವೆ, ಹಾಗೆ. ಇದನ್ನು ಅವನಿಗೆ ಹೇಳಿದವರು ಯಾರೂ ಇಲ್ಲ. ಅವನು ಒಂದು ವರ್ಷ ಬಾಯಿ ಬಿಟ್ಟು ಹಾಡಲಿಲ್ಲ. ತಾನು ಏನೋ ತಪ್ಪು ಮಾಡಿದ್ದರಿಂದಲೇ ದೇವರು ಕಂಠವನ್ನು ಹಿಂದಕ್ಕೆ ತೆಗೆದುಕೊಂಡನೆಂದು ನಂಬಿದ್ದನಂತೆ. ಇದನ್ನು ಅವನು ನನಗೆ ಹೇಳಿದ್ದು ಮೂವತ್ತು ದಾಟಿದ ಮೇಲೆ.

ಶಾಲೆಯಲ್ಲಾದರೂ ತಿಳಿಯಬಹುದಿತ್ತು. ಜೀವಶಾಸ್ತ್ರದ ಪುಸ್ತಕದಲ್ಲಿ ಪಾಠವೇನೋ ಇತ್ತು. ಆ ಪಾಠ ಬಂದ ದಿನ ನಮ್ಮ ಮೇಷ್ಟರು ಪುಸ್ತಕವನ್ನು ಒಮ್ಮೆ ತೆರೆದು, ಕಿಟಕಿಯ ಹೊರಗೆ ನೋಡಿ, “ಇದು ಸುಲಭ, ಮನೆಯಲ್ಲಿ ಓದಿಕೊಳ್ಳಿ” ಎಂದು ಮುಂದಿನ ಪಾಠಕ್ಕೆ ಹಾರಿದರು. ಶಾಲೆಯ ಹೆಸರು ಬೇಡ. ವಾಚಕರು ತಮ್ಮ ತಮ್ಮ ಶಾಲೆಯ ಹೆಸರನ್ನು ಹಾಕಿಕೊಂಡರೆ ಬಹುಶಃ ಸರಿಹೋಗುತ್ತದೆ.

ಈ ಹಳೆಯ ಸಂಗತಿಗಳೆಲ್ಲ ನೆನಪಾಗಲು ಕಾರಣ ನಮ್ಮ ಸಭಾಪಾಲಕರು. ನಮ್ಮ ಸಭೆಯಲ್ಲಿ ಹದಿಮೂರು ಹದಿನಾಲ್ಕರ ಹೊತ್ತಿಗೆ ಮಕ್ಕಳನ್ನು ದೃಢೀಕರಣಕ್ಕೆ ಸಿದ್ಧಮಾಡುತ್ತಾರೆ. ಶಿಶುವಾಗಿದ್ದಾಗ ತಾಯಿತಂದೆ ಅವರ ಪರವಾಗಿ ಕೊಟ್ಟ ಮಾತನ್ನು ಈಗ ಅವರೇ ಎದ್ದು ನಿಂತು ತಮ್ಮ ಬಾಯಿಂದ ಹೇಳಬೇಕು. ಆಮೇಲೆ ಕರ್ತನ ಭೋಜನದಲ್ಲಿ ಭಾಗಿಗಳಾಗಬಹುದು. ಅದಕ್ಕಾಗಿ ಕೆಲವು ವಾರ ಪಾಠವಿರುತ್ತದೆ: ವಿಶ್ವಾಸಪ್ರಮಾಣ, ಹತ್ತು ಆಜ್ಞೆಗಳು, ಕರ್ತನ ಪ್ರಾರ್ಥನೆ. ಮಗುವಿನ ಮೈಮನಸ್ಸುಗಳಲ್ಲಿ ಕ್ರಾಂತಿಯಾಗುತ್ತಿರುವ ವರ್ಷದಲ್ಲಿಯೇ ಸಭೆ ಅದನ್ನು ಕರೆದು ಎದುರಿಗೆ ಕೂರಿಸಿಕೊಳ್ಳುತ್ತದೆ. ಆದರೆ ಏಳನೆಯ ಆಜ್ಞೆ ಬಂದಾಗ ಪಾಠ ಹೇಳುವವರ ಧ್ವನಿ ಇಳಿದು, ಎಂಟನೆಯ ಆಜ್ಞೆ ಬಂದಾಗ ಮತ್ತೆ ಏರುತ್ತದೆ. ಕಳ್ಳತನದ ಬಗ್ಗೆ ಮಾತಾಡುವುದು ಎಷ್ಟೋ ಸುಲಭ.

ಸಭಾಪಾಲಕರು ಒಂದು ದಿನ, “ಅಮ್ಮ, ಈ ಸಲ ಒಂದು ಗಂಟೆ ನೀವು ಮಾತಾಡಬೇಕು. ಮಕ್ಕಳ ಬೆಳವಣಿಗೆಯ ಬಗ್ಗೆ. ನಾನು ಮಾತಾಡಿದರೆ ಅವರು ತಲೆ ತಗ್ಗಿಸುತ್ತಾರೆ, ನಾನೂ ತಗ್ಗಿಸುತ್ತೇನೆ” ಎಂದರು. ಸಭೆಯ ಹಿರಿಯರಲ್ಲೊಬ್ಬರು, “ದೇವಾಲಯದ ಆವರಣದಲ್ಲಿ ಇಂಥ ಮಾತೇ?” ಎಂದು ಆಕ್ಷೇಪಿಸಿದರು. ಅವರಿಗೆ ಐದು ಜನ ಮಕ್ಕಳು. ದೇವರು ಅವರ ಆಕ್ಷೇಪಣೆಯನ್ನು ಅಷ್ಟಾಗಿ ಕೇಳಿದಂತೆ ಕಾಣುವುದಿಲ್ಲ.

ಮಕ್ಕಳು ಹದಿನೇಳು ಮಂದಿ. ಬಾಯಿ ಬಿಟ್ಟು ಕೇಳಲಾರರೆಂದು ಚೀಟಿ ಹಂಚಿ, ಹೆಸರು ಬರೆಯದೆ ಮನಸ್ಸಿನಲ್ಲಿರುವುದನ್ನು ಬರೆದು ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ ಎಂದೆ. ಮನೆಗೆ ತಂದು ಬಿಡಿಸಿ ನೋಡಿದಾಗ, ಎಪ್ಪತ್ತು ಎಂಬತ್ತು ಮಕ್ಕಳಿಗೆ ಪಾಠ ಹೇಳಿ ಅಭ್ಯಾಸವಿರುವ ನನಗೂ ಕೈ ನಡುಗಿತು. ಒಬ್ಬ ಹುಡುಗ ಬರೆದಿದ್ದ: ‘ರಾತ್ರಿ ನಿದ್ದೆಯಲ್ಲಿ ಚಡ್ಡಿ ಒದ್ದೆಯಾಗುತ್ತದೆ. ನಾನು ಬೇಕೆಂದು ಮಾಡಿದ್ದಲ್ಲ. ದೇವರು ಕ್ಷಮಿಸುತ್ತಾನೆಯೆ?’ ಒಬ್ಬ ಹುಡುಗಿ: ‘ಆ ದಿನಗಳಲ್ಲಿ ಕರ್ತನ ಭೋಜನ ತೆಗೆದುಕೊಳ್ಳಬಹುದೆ?’ ಇನ್ನೊಂದು: ‘ನನಗೆ ಇನ್ನೂ ಏನೂ ಆಗಿಲ್ಲ. ನನ್ನಲ್ಲಿ ಏನಾದರೂ ಕೊರತೆ ಇದೆಯೆ?’ ಮತ್ತೊಂದು: ‘ಅಮ್ಮನ ಮೇಲೆ ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ. ಆಮೇಲೆ ಅಳು ಬರುತ್ತದೆ.’ ಒಂದು ಚೀಟಿಯನ್ನು ಎಂಟು ಮಡಿಕೆ ಮಡಿಚಿದ್ದರು. ಬಿಡಿಸಿದರೆ ಒಳಗೆ ಏನೂ ಬರೆದಿರಲಿಲ್ಲ.

ಮೊದಲು ಮೈಯ ಲೆಕ್ಕವನ್ನು ಹೇಳಿದೆ. ಮೆದುಳಿನ ಬುಡದಲ್ಲಿ ಹೈಪೊಥಲಮಸ್ ಎಂಬ ಭಾಗವಿದೆ. ಅದರ ಕೆಳಗೆ ಬಟಾಣಿ ಕಾಳಿನಷ್ಟು ಪಿಟ್ಯುಟರಿ ಗ್ರಂಥಿ ತೂಗಿಕೊಂಡಿದೆ. ಬಾಲ್ಯವೆಲ್ಲ ಸುಮ್ಮನಿದ್ದ ಹೈಪೊಥಲಮಸ್ ಒಂದು ದಿನ ಎಚ್ಚೆತ್ತು ಪಿಟ್ಯುಟರಿಗೆ ಆಜ್ಞೆ ಕಳಿಸುತ್ತದೆ. ಅದು ಹೆಣ್ಣಿನ ಅಂಡಾಶಯಕ್ಕೆ, ಗಂಡಿನ ವೃಷಣಕ್ಕೆ ಆಜ್ಞೆ ಕಳಿಸುತ್ತದೆ. ಅಲ್ಲಿಂದ ಈಸ್ಟ್ರೊಜೆನ್, ಟೆಸ್ಟೊಸ್ಟೆರೋನ್ ಎಂಬ ರಸಗಳು ರಕ್ತದಲ್ಲಿ ಸೇರಿ ಮೈಯ ಮೂಲೆಮೂಲೆಗೂ ಸುದ್ದಿ ಮುಟ್ಟಿಸುತ್ತವೆ. ಹುಡುಗಿಯರಲ್ಲಿ ಇದು ಸಾಮಾನ್ಯವಾಗಿ 8ರಿಂದ 13ರೊಳಗೆ, ಹುಡುಗರಲ್ಲಿ 9ರಿಂದ 14ರೊಳಗೆ ಆರಂಭವಾಗುತ್ತದೆ. ಇದು ಆರಂಭದ ಲೆಕ್ಕ ಮಾತ್ರ. ಹುಡುಗಿಗೆ ಎದೆ ಮೂಡತೊಡಗಿ ಸುಮಾರು ಎರಡು ಎರಡೂವರೆ ವರ್ಷ ಕಳೆದ ಮೇಲೆ ಮುಟ್ಟು ಬರುವುದು ವಾಡಿಕೆ. ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ನಾಲ್ಕೈದು ವರ್ಷದ ಅಂತರವಿದ್ದರೂ ಇಬ್ಬರೂ ಸರಿಯಾಗಿಯೇ ಇರಬಹುದು. ಒಂದೇ ತೋಟದ ಮಾವಿನ ಮರಗಳು ಒಂದೇ ದಿನ ಹೂ ಬಿಡುತ್ತವೆಯೆ? ಬಹಳ ತಡವಾದರೆ, ಇಲ್ಲವೆ ಎಂಟು ತುಂಬುವ ಮೊದಲೇ ಆರಂಭವಾದರೆ, ವೈದ್ಯರನ್ನು ಕೇಳಬೇಕು. ಅದರಲ್ಲಿ ನಾಚಿಕೆಯೇನೂ ಇಲ್ಲ.

ಮೈ ಎಲ್ಲ ಕಡೆಯೂ ಒಂದೇ ಸಲ ಬೆಳೆಯುವುದಿಲ್ಲ. ಕೈಕಾಲು ಮುಂದಾಗಿ ಓಡುತ್ತವೆ, ಮುಂಡ ಹಿಂದಿನಿಂದ ಬರುತ್ತದೆ. ಬೆಳವಣಿಗೆ ಭರದಲ್ಲಿರುವಾಗ ವರ್ಷಕ್ಕೆ 8–9 ಸೆಂಟಿಮೀಟರು ಏರುವುದುಂಟು. ಹೋದ ವರ್ಷದ ಚಪ್ಪಲಿ ಹಿಡಿಸದ ಹುಡುಗ ಲೋಟ ಬೀಳಿಸಿದರೆ ಅದು ಒರಟುತನವಲ್ಲ. ತನ್ನ ಕೈ ಎಲ್ಲಿಯವರೆಗೆ ಬಂದಿದೆಯೆಂದು ಅವನಿಗೇ ಇನ್ನೂ ಅಳತೆ ಸಿಕ್ಕಿಲ್ಲ. ಚರ್ಮದ ಎಣ್ಣೆಗ್ರಂಥಿಗಳು ಚುರುಕಾಗಿ ಮೊಡವೆ ಬರುತ್ತದೆ. ರಾತ್ರಿ ನಿದ್ದೆ ಬರುವ ಹೊತ್ತು ಮುಂದಕ್ಕೆ ಹೋಗುತ್ತದೆ. ಭಾನುವಾರದ ಬೆಳಗಿನ ಆರಾಧನೆಗೆ ಏಳದ ಮಗನನ್ನು ‘ಭಕ್ತಿ ಸಾಲದು’ ಎಂದು ಬಯ್ಯುವ ಮುನ್ನ ಇದನ್ನು ನೆನೆಯಬೇಕು. ಉದ್ವೇಗಗಳು ಮೊದಲು ಬಲಿಯುತ್ತವೆ. ಅವುಗಳಿಗೆ ಕಡಿವಾಣ ಹಾಕುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಹೊತ್ತಿಗೆ. ಕುದುರೆ ಬಂದಿದೆ, ಸವಾರ ಇನ್ನೂ ದಾರಿಯಲ್ಲಿದ್ದಾನೆ. ಅಲ್ಲಿಯವರೆಗೆ ಲಗಾಮಿಗೆ ಒಂದು ಕೈ ಕೊಡುವುದು ಮನೆಯವರ ಕೆಲಸ.

ಇಷ್ಟನ್ನು ಯಾವ ಡಾಕ್ಟರಾದರೂ ನನಗಿಂತ ಚೆನ್ನಾಗಿ ಹೇಳಬಲ್ಲರು. ಸಭೆ ಹೇಳಬೇಕಾದ ಮಾತು ಬೇರೆಯುಂಟು. ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದ ಕೊನೆಯಲ್ಲಿ ಯೇಸುಸ್ವಾಮಿಯ ಬಾಲ್ಯದ ಪ್ರಸಂಗವೊಂದಿದೆ. ನಾಲ್ಕು ಸುವಾರ್ತೆಗಳಲ್ಲಿ ಆತನ ಹುಡುಗತನದ ಪ್ರಸಂಗ ಅದೊಂದೇ. ಆಗ ಆತನಿಗೆ ಎಷ್ಟು ವಯಸ್ಸು? ಹನ್ನೆರಡು. ಹಬ್ಬಕ್ಕೆ ಯೆರೂಸಲೇಮಿಗೆ ಹೋದವನು ಅಲ್ಲೇ ಉಳಿದುಬಿಡುತ್ತಾನೆ. ಜೊತೆಯವರ ನಡುವೆ ಇದ್ದಾನೆಂದುಕೊಂಡು ತಾಯಿತಂದೆ ಒಂದು ದಿನದ ದಾರಿ ನಡೆದುಬಿಟ್ಟಿರುತ್ತಾರೆ. ಮೂರು ದಿನ ಕಳೆದು ದೇವಾಲಯದಲ್ಲಿ ಸಿಕ್ಕಿದಾಗ ತಾಯಿ ನೊಂದು ಕೇಳುತ್ತಾಳೆ. ತನ್ನನ್ನು ಹುಡುಕಿದ್ದೇಕೆಂದು ಮಗ ತಿರುಗಿ ಕೇಳುತ್ತಾನೆ. ಹನ್ನೆರಡರ ಮಗುವಿರುವ ತಾಯಂದಿರಿಗೆ ಈ ಸಂಭಾಷಣೆ ಅಪರಿಚಿತವಲ್ಲ. ಮಗನ ಉತ್ತರ ಅವರಿಗೆ ಅರ್ಥವಾಗಲಿಲ್ಲವೆಂದು ಲೂಕನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಆದರೂ ಹುಡುಗ ಅವರ ಜೊತೆ ನಜರೇತಿಗೆ ಹಿಂತಿರುಗಿ ಅವರ ಮಾತಿನಲ್ಲಿ ನಡೆದ. ತಾಯಿ ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡಳು. ಆಮೇಲೆ ಆತನು ಜ್ಞಾನದಲ್ಲಿ ಬೆಳೆದನೆಂದು ಹೇಳುವ ಸಾಲಿನಲ್ಲಿಯೇ ಮೈಯಲ್ಲಿಯೂ ಬೆಳೆದನೆಂದು ಲೂಕನು ಸೇರಿಸುತ್ತಾನೆ. ಲೂಕನು ವೈದ್ಯನೆಂದು ನಮ್ಮ ಪರಂಪರೆ. ಮೈಯ ವಿಷಯವನ್ನು ಬಿಟ್ಟುಬಿಡಲು ವೈದ್ಯನ ಮನಸ್ಸು ಒಪ್ಪಲಿಲ್ಲವೋ ಏನೋ.

ಮುಂದೆ ಆತನು ನಮಗೆ ಕಾಣುವುದು ಸುಮಾರು ಮೂವತ್ತರಲ್ಲಿ. ನಡುವಿನ ಹದಿನೆಂಟು ವರ್ಷ ಸುವಾರ್ತೆ ಸುಮ್ಮನಿದೆ. ಆದರೆ ಮೈ ಸುಮ್ಮನಿರಲಿಲ್ಲ. ಕ್ರಿ.ಶ. 451ರಲ್ಲಿ ಕ್ಯಾಲ್ಸೆಡನ್ ಎಂಬಲ್ಲಿ ಕೂಡಿದ ಸಭೆಗಳ ಪರಿಷತ್ತು ಕ್ರಿಸ್ತನು ಸಂಪೂರ್ಣ ದೇವರು, ಸಂಪೂರ್ಣ ಮನುಷ್ಯ ಎಂದು ನಿರ್ಣಯಿಸಿತು. ಸಂಪೂರ್ಣ ಮನುಷ್ಯನೆಂದರೆ ಮೂವತ್ತರ ಗಂಡಸು ಮಾತ್ರವಲ್ಲ, ಹದಿನಾಲ್ಕರ ಹುಡುಗನೂ ಹೌದು. ಆತನ ಗಂಟಲೂ ಒಡೆದಿರಬೇಕು. ಆತನ ಮೇಲುತುಟಿಯಲ್ಲೂ ಮೀಸೆ ಮೂಡಿರಬೇಕು. ತಾಯಿ ಆತನ ಬಟ್ಟೆಯ ಅಂಚು ಬಿಚ್ಚಿ ಉದ್ದ ಮಾಡಿರಬೇಕು. ದೇವರು ಮನುಷ್ಯನಾದನೆಂದು ಪ್ರತಿ ಭಾನುವಾರ ಒಪ್ಪಿಕೊಳ್ಳುವ ನಾವು ಇದನ್ನು ಹೇಳಲು ಹೆದರಿದರೆ, ವಿಶ್ವಾಸಪ್ರಮಾಣವನ್ನು ಅರ್ಧಕ್ಕೆ ನಿಲ್ಲಿಸಿದ ಹಾಗೆ. ದೇವರು ತೊಟ್ಟುಕೊಳ್ಳಲು ಹೇಸದ ಮೈಯನ್ನು ಮಗು ಹೇಸಿಕೊಳ್ಳಬೇಕಾಗಿಲ್ಲ. ನಾನು ಆ ಗಂಟೆಯಲ್ಲಿ ಹೇಳಿದ್ದರ ಸಾರ ಇಷ್ಟೇ. ಮಿಕ್ಕದ್ದೆಲ್ಲ ಇದರ ವ್ಯಾಖ್ಯಾನ.

ನಿದ್ದೆಯಲ್ಲಿ ಬಟ್ಟೆ ಒದ್ದೆಯಾದ ಹುಡುಗನಿಗೆ ಮೋಶೆಯ ಧರ್ಮಶಾಸ್ತ್ರವೇ ಉತ್ತರ ಕೊಡುತ್ತದೆ. ಯಾಜಕಕಾಂಡದ ಹದಿನೈದನೆಯ ಅಧ್ಯಾಯದಲ್ಲಿ ಇದರ ಪ್ರಸ್ತಾಪವುಂಟು. ಕಟ್ಟುನಿಟ್ಟಿಗೆ ಹೆಸರಾದ ಆ ಶಾಸ್ತ್ರವೂ ವೀರ್ಯಸ್ಖಲನಕ್ಕೆ ಬಲಿ ಕೇಳಿಲ್ಲ, ಪ್ರಾಯಶ್ಚಿತ್ತ ಕೇಳಿಲ್ಲ. ಸ್ನಾನಮಾಡಿ ಸಂಜೆಯವರೆಗೆ ಇರು ಎಂದಿದೆ, ಅಷ್ಟೆ. ಮೈ ಬಲಿತಿರುವುದಕ್ಕೆ ಅದೊಂದು ಗುರುತು. ತಾನು ಮಾಡದ ಕೆಲಸಕ್ಕೆ ಕ್ಷಮೆ ಕೇಳಿಕೊಂಡು ಎಷ್ಟು ರಾತ್ರಿ ಆ ಹುಡುಗ ಮೊಳಕಾಲೂರಿದ್ದನೋ!

ಹುಡುಗಿಯ ಪ್ರಶ್ನೆಗೆ ಬರುವಾಗ ಕನ್ನಡ ನನ್ನ ಕೈಹಿಡಿಯಿತು. ನಾವು ಆ ದಿನಗಳಿಗೆ ‘ಮುಟ್ಟು’ ಎನ್ನುತ್ತೇವೆ. ಮುಟ್ಟಬಾರದ ದಿನಗಳಿಗೆ ಮುಟ್ಟು ಎಂದು ಹೆಸರು! ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯದ ಕಥೆ ಪೂರ್ತಿ ನಿಂತಿರುವುದು ಈ ಪದದ ಮೇಲೆ. ಹನ್ನೆರಡು ವರ್ಷದಿಂದ ರಕ್ತಸ್ರಾವವಿದ್ದ ಹೆಂಗಸೊಬ್ಬಳು ಗುಂಪಿನಲ್ಲಿ ನುಸುಳಿ ಬಂದು ಹಿಂದಿನಿಂದ ಆತನ ಉಡುಪನ್ನು ಮುಟ್ಟುತ್ತಾಳೆ. ಅವಳು ವೈದ್ಯರಿಗೆ ಹಣವೆಲ್ಲ ಸುರಿದರೂ ರೋಗ ಹೆಚ್ಚಿತೆಂದು ಮಾರ್ಕನು ಬರೆದಿದ್ದಾನೆ. ಇದೇ ಕಥೆಯನ್ನು ಹೇಳುವಾಗ ರೋಗ ಹೆಚ್ಚಿದ ಮಾತನ್ನು ಲೂಕನು ಬಿಟ್ಟಿದ್ದಾನೆ – ವೃತ್ತಿಬಾಂಧವರ ಮೇಲೆ ಅಷ್ಟು ಅಭಿಮಾನ ಇರಬೇಕಾದದ್ದೇ. ಧರ್ಮಶಾಸ್ತ್ರದ ಪ್ರಕಾರ ಅಂಥ ಹೆಂಗಸು ಮುಟ್ಟಿದರೆ ಮೈಲಿಗೆ. ತನ್ನನ್ನು ಮುಟ್ಟಿದವರು ಯಾರೆಂದು ಆತನು ನಿಂತು ಕೇಳಿದಾಗ ಅವಳು ನಡುಗುತ್ತ ಬಂದು ಇದ್ದದ್ದನ್ನೆಲ್ಲ ಜನರ ಮುಂದೆ ಹೇಳಿದಳು. ಆತನು ಸ್ನಾನಕ್ಕೆ ಓಡಲಿಲ್ಲ. ಮಗಳೆಂದು ಕರೆದು ಸಮಾಧಾನದಿಂದ ಕಳಿಸಿಕೊಟ್ಟ. ಹನ್ನೆರಡು ವರ್ಷ ಯಾರೂ ಮುಟ್ಟದವಳಿಗೆ ಅಂದು ಒಂದು ನಂಟು ಸಿಕ್ಕಿತು.

ಈ ಕಥೆಯನ್ನೇ ಹಿಡಿದು ಸಭೆ ಒಂದು ಕಾಲದಲ್ಲಿ ವಾದಿಸಿದೆ. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಡಯೊನೀಸಿಯಸ್, ಭಕ್ತೆಯಾದವಳು ಆ ದಿನಗಳಲ್ಲಿ ತಾನಾಗಿಯೇ ಪವಿತ್ರ ಭೋಜನದ ಹತ್ತಿರ ಬರಲಾರಳು. ಆ ಹೆಂಗಸೂ ಮುಟ್ಟಿದ್ದು ಉಡುಪಿನ ಅಂಚನ್ನು ಮಾತ್ರ ಎಂದು ಬರೆದ. ಇಂಗ್ಲೆಂಡಿನ ಸನ್ಯಾಸಿ ಬೀಡ್ 731ರಲ್ಲಿ ಮುಗಿಸಿದ ಸಭಾಚರಿತ್ರೆಯಲ್ಲಿ ಪೋಪ್ ಗ್ರೆಗೊರಿಯ ಉತ್ತರವೆಂದು ಇನ್ನೊಂದು ಮಾತು ದಾಖಲಾಗಿದೆ: ಮುಟ್ಟಾದ ಹೆಂಗಸನ್ನು ದೇವಾಲಯಕ್ಕೆ ಬರಬೇಡವೆನ್ನಬಾರದು, ಪವಿತ್ರ ಭೋಜನ ಬೇಡವೆನ್ನಲೂ ಬಾರದು, ರೋಗದಿಂದ ರಕ್ತ ಹರಿಯುತ್ತಿದ್ದವಳು ಪ್ರಭುವಿನ ಉಡುಪನ್ನು ಮುಟ್ಟಿದ್ದು ಸರಿಯಾದರೆ, ಪ್ರಕೃತಿಯಿಂದ ಹರಿಯುವವಳನ್ನು ತಡೆಯುವುದು ಹೇಗೆ ಎಂದು. ಕಥೆ ಒಂದೇ, ಒಬ್ಬರು ಅಂಚನ್ನು ನೋಡಿದರು, ಇನ್ನೊಬ್ಬರು ಮುಟ್ಟಿದ ಕೈಯನ್ನು ನೋಡಿದರು. ನಾನು ಆ ಹುಡುಗಿಗೆ, “ಬಾ ಮಗಳೆ, ಧಾರಾಳವಾಗಿ ತೆಗೆದುಕೋ” ಎಂದೆ. ಸಭಾಪಾಲಕರು ಹಿಂದೆ ಕೂತಿದ್ದವರು ತಲೆಯಾಡಿಸಿದರು. ಆ ದಿನಗಳು ಒಂದು ವಾರಕ್ಕಿಂತ ಹೆಚ್ಚು ಮುಂದುವರಿದರೆ ವೈದ್ಯರ ಹತ್ತಿರ ಹೋಗಬೇಕೆಂದೂ ಸೇರಿಸಿದೆ. ಮೊದಲ ಒಂದೆರಡು ವರ್ಷ ಲೆಕ್ಕ ಹೆಚ್ಚುಕಡಿಮೆಯಾಗುವುದು ಸಹಜ. ಸುವಾರ್ತೆ ಎಂಬ ನಮ್ಮ ಮಾತಿಗೆ ಶುಭಸಮಾಚಾರವೆಂದೇ ಅರ್ಥ. ಒಸಗೆ ಎಂದರೂ ಅದೇ. ಮೂಲೆಯಿಲ್ಲದ ಹಬ್ಬವನ್ನು ಮಾಡಲು ನಮಗಿಂತ ಹೆಚ್ಚು ಅಧಿಕಾರ ಯಾರಿಗಿದೆ?

ಆದರೆ ಹಬ್ಬವೊಂದೇ ಸಾಲದು. ಉತ್ತರ ಆಫ್ರಿಕದ ತಾಗಸ್ತೆಯಲ್ಲಿ 354ರಲ್ಲಿ ಹುಟ್ಟಿದ ಸಂತ ಅಗಸ್ಟೀನ್ ತನ್ನ ‘ಕನ್ಫೆಷನ್ಸ್’ ಗ್ರಂಥದ ಎರಡನೆಯ ಭಾಗದಲ್ಲಿ ತನ್ನ ಹದಿನಾರನೆಯ ವಯಸ್ಸಿನ ಸಂಗತಿ ಹೇಳಿಕೊಂಡಿದ್ದಾನೆ. ಸ್ನಾನಗೃಹದಲ್ಲಿ ಮಗನ ಪ್ರಾಯವನ್ನು ಕಂಡ ತಂದೆ, ಮೊಮ್ಮಕ್ಕಳೇ ಬಂದುಬಿಟ್ಟರೆಂಬಂತೆ ಹಿಗ್ಗಿ ತಾಯಿಗೆ ಹೇಳಿದನಂತೆ. ತಾಯಿ ಮೋನಿಕಾ ಹೆದರಿ ಮಗನನ್ನು ಒಂಟಿಯಾಗಿ ಕರೆದು ಎಚ್ಚರಿಕೆ ಹೇಳಿದಳು. ಹೆಂಗಸರ ಮಾತೆಂದು ಅವನು ಕೇಳಲಿಲ್ಲ. ಅವನಿಗೆ ಬೇಗ ಮದುವೆ ಮಾಡುವ ಯೋಚನೆಯನ್ನೂ ಅವರು ಕೈಬಿಟ್ಟರು. ಕಾರಣ, ಹುಡುಗನ ಓದು ಕೆಡಬಾರದು! ಹದಿನಾರು ಶತಮಾನ ಕಳೆದರೂ ನಮ್ಮ ಮನೆಗಳು ಈ ಪಾತ್ರಗಳನ್ನೇ ಆಡುತ್ತಿವೆ: ಹಿಗ್ಗುವ ಅಪ್ಪ, ಹೆದರುವ ಅಮ್ಮ, ಮಧ್ಯದಲ್ಲಿ ಅಂಕಪಟ್ಟಿ. ಹಿಗ್ಗಿಗೂ ಹೆದರಿಕೆಗೂ ನಡುವೆ ಒಂದು ಜಾಗವಿದೆ. ಅಲ್ಲಿ ಒಬ್ಬರು ಕೂತು ಸಾವಕಾಶವಾಗಿ ಮಾತಾಡಬೇಕು. ಇಂದು ಆ ಜಾಗ ಖಾಲಿಯಿದ್ದರೆ ಮೊಬೈಲು ಬಂದು ಕೂತುಕೊಳ್ಳುತ್ತದೆ. ಅದಕ್ಕೆ ನಾಚಿಕೆಯೂ ಇಲ್ಲ, ಮಗುವಿನ ಮೇಲೆ ಪ್ರೀತಿಯೂ ಇಲ್ಲ.

ಸಂಯಮದ ಮಾತನ್ನು ನಾನು ಬಿಡಲಿಲ್ಲ. ಏಳನೆಯ ಆಜ್ಞೆಯನ್ನು ಪ್ರಭು ಕಣ್ಣಿನವರೆಗೂ, ಮನಸ್ಸಿನವರೆಗೂ ಒಯ್ದನೆಂಬುದು ಮಕ್ಕಳಿಗೆ ಗೊತ್ತು. ಅದನ್ನು ಕೇಳಿಯೇ ಎಷ್ಟೋ ಮಕ್ಕಳು ತಾವು ಆಗಲೇ ಕೆಟ್ಟೆವೆಂದು ಕೈಚೆಲ್ಲುತ್ತಾರೆ. ಯೋಚನೆ ಬರುವುದು ಬೇರೆ, ಅದನ್ನು ಸಾಕುವುದು ಬೇರೆ. ಬಾಗಿಲಿಗೆ ಬಂದವರಿಗೆಲ್ಲ 
ಚಾಪೆ ಹಾಸಿ, ಕಾಫಿ ಕೊಟ್ಟು, ರಾತ್ರಿ ಉಳಿಸಿಕೊಳ್ಳಬೇಕೆಂದಿಲ್ಲ. ಇನ್ನೊಬ್ಬರ ಮೈಯನ್ನು ಆಟದ ಸಾಮಾನಾಗಿ ನೋಡಬಾರದು, ಏಕೆಂದರೆ ಅದೂ ದೇವರು ಬೆಲೆ ಕೊಟ್ಟ ಮೈ. ಈ ಕಾರಣ ತಿಳಿದರೆ ಸಂಯಮ ಭಯವಾಗಿ ಉಳಿಯದೆ ಮರ್ಯಾದೆಯಾಗುತ್ತದೆ.

ಆ ಖಾಲಿ ಚೀಟಿ ನನ್ನ ಮನಸ್ಸಿನಿಂದ ಹೋಗಿರಲಿಲ್ಲ. ಬರೆಯಲು ಏನೂ ಇಲ್ಲದವರು ಎಂಟು ಮಡಿಕೆ ಮಡಿಚುವುದಿಲ್ಲ. ಆದ್ದರಿಂದ ಕೊನೆಯಲ್ಲಿ ಪೌಲನು ಕೊರಿಂಥದವರಿಗೆ ಬರೆದದ್ದನ್ನು ತೆಗೆದುಕೊಂಡೆ. ಅಲ್ಲಿ ಅವನು ದೇಹವನ್ನು ದೇವಾಲಯಕ್ಕೆ ಹೋಲಿಸುತ್ತಾನೆ. ದೇವಾಲಯಕ್ಕೆ ಬೀಗ ಹಾಕುತ್ತೇವೆ. ಯಾರು ಬೇಕಾದರೂ ಯಾವಾಗ ಬೇಕಾದರೂ ನುಗ್ಗುವಂತಿಲ್ಲ. ಯಾರಾದರೂ ಮುಟ್ಟಬಾರದ ರೀತಿಯಲ್ಲಿ ಮುಟ್ಟಿದರೆ, ಅವರು ಬಂಧುಗಳಾಗಲಿ, ಗುರುಗಳಾಗಲಿ, ಸಭೆಯ ಹಿರಿಯರೇ ಆಗಲಿ, ಬೇಡವೆನ್ನುವ ಅಧಿಕಾರ ಮಗುವಿಗುಂಟು. ತಪ್ಪು ಮುಟ್ಟಿದವರದು, ಮಗುವಿನದಲ್ಲ. ನಂಬುವ ದೊಡ್ಡವರಿಗೆ ಹೇಳಬೇಕು. 1098ಕ್ಕೆ ಕರೆ ಮಾಡಬಹುದು. ಹದಿನೆಂಟು ತುಂಬದ ಮಕ್ಕಳನ್ನು ಕಾಪಾಡಲು 2012ರಲ್ಲಿ ಬಂದ ಕಾನೂನು, ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು ಹೇಳುತ್ತದೆ. ಸಭೆಯ ಹೆಸರು ಕೆಡುತ್ತದೆಂದು ಮುಚ್ಚಿಡುವುದಕ್ಕೆ ಅಲ್ಲಿ ಅವಕಾಶವಿಲ್ಲ. ಇದನ್ನು ಹೇಳುವಾಗ ನಾನು ಯಾರ ಮುಖವನ್ನೂ ನೋಡಲಿಲ್ಲ. ಆದರೆ ಎರಡು ವಾರದ ಮೇಲೆ ಒಂದು ಮಗು ನಮ್ಮ ಮನೆಯ ಬಾಗಿಲಿಗೆ ಬಂದಿತು. ಅದರ ಕಥೆ ಅದರದು. ಅದಕ್ಕೆ ಬೇಕಾದವರು ಈಗ ಜೊತೆಯಲ್ಲಿದ್ದಾರೆ ಎಂದಷ್ಟೇ ಹೇಳುತ್ತೇನೆ.

ಮಾರ್ಕನ ಆ ಐದನೆಯ ಅಧ್ಯಾಯದಲ್ಲಿ ಇನ್ನೊಬ್ಬ ಹುಡುಗಿಯಿದ್ದಾಳೆ. ಆ ಹೆಂಗಸು ಉಡುಪನ್ನು ಮುಟ್ಟಿದ್ದು, ಪ್ರಭು ಯಾಯೀರನೆಂಬವನ ಮಗಳನ್ನು ನೋಡಲು ಹೋಗುವ ದಾರಿಯಲ್ಲಿ. ಅವಳಿಗೂ ಹನ್ನೆರಡು ವರ್ಷ. ಆತನು ತಲುಪುವ ಹೊತ್ತಿಗೆ ಮನೆಯವರು ಅವಳು ತೀರಿಕೊಂಡಳೆಂದು ಗೋಳಾಡುತ್ತಿದ್ದರು. ಆತನು ಕೈಹಿಡಿದು, ಅವಳ ಮನೆಮಾತಿನಲ್ಲಿಯೇ ಏಳೆಂದು ಹೇಳಿ ಎಬ್ಬಿಸಿದ. ಎಲ್ಲರೂ ಬೆರಗಾಗಿ ನಿಂತಿರುವಾಗ ಆತನು ಹೇಳಿದ ಒಂದು ಮಾತು, ಹುಡುಗಿಗೆ ತಿನ್ನಲು ಏನಾದರೂ ಕೊಡಿರೆಂದು.

ಎಂಥ ಸಾಮಾನ್ಯವಾದ ಮಾತು! ನಮ್ಮ ದೇಶದಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿತ್ತು. ಬೆಳೆಯುವ ಮೈ ಕಬ್ಬಿಣ ಕೇಳುತ್ತದೆ, ಪ್ರತಿ ತಿಂಗಳೂ ರಕ್ತ ಹೋಗುವ ಮೈ ಇನ್ನೂ ಹೆಚ್ಚು ಕೇಳುತ್ತದೆ. ಪಕ್ಕದ ಮನೆಯವರು ಮಗಳಿಗೆ ಎಳ್ಳುಬೆಲ್ಲ ತಿನ್ನಿಸಿದ್ದರಲ್ಲಿ ಹಳೆಯ ತಿಳಿವಳಿಕೆಯೊಂದು ಇತ್ತು. ಸೊಪ್ಪು, ಕಾಳು, ರಾಗಿ, ಮೊಟ್ಟೆ, ಮಾಂಸ – ಮನೆಯಲ್ಲಿ ಏನು ನಡೆಯುತ್ತದೋ ಅದನ್ನು ಮಗನ ತಟ್ಟೆಯಷ್ಟೇ ತುಂಬ ಮಗಳ ತಟ್ಟೆಗೂ ಬಡಿಸಬೇಕು.

ಊಟಕ್ಕೆ ಬಡಿಸುವಾಗ ಮಾತೂ ಬರುತ್ತದೆ. ಮಕ್ಕಳು ಎದುರುಬದುರು ಕೂತು ಕೇಳಲಾರದ್ದನ್ನು ತಟ್ಟೆ ನೋಡುತ್ತ ಕೇಳಿಬಿಡುತ್ತಾರೆ. ನಜರೇತಿನ ಆ ಹದಿನೆಂಟು ವರ್ಷಗಳ ವಿಷಯದಲ್ಲಿ ಸುವಾರ್ತೆ ಬರೆದವರು ಮೌನವಾಗಿದ್ದಾರೆ, ನಿಜ. ಆದರೆ ಮರಿಯಳೂ ಯೋಸೇಫನೂ ಮೌನವಾಗಿದ್ದರೆಂದು ಎಲ್ಲಿಯೂ ಬರೆದಿಲ್ಲ.